ಉಡುಪಿಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು: ನಾನು ಲೆಕ್ಕ ಬಿಡಿಸಿದ್ದು ಹೀಗೆ

2011ರ ಫೆಬ್ರುವರಿ. ಉಡುಪಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಪ್ರೈಮರಿ ಶಾಲೆ ಟೀಚರ್. ಜನಗಣತಿ ಡ್ಯೂಟಿ ಬಿತ್ತು. 9ರಿಂದ 28ರವರೆಗೆ ಮನೆ ಮನೆ ತಿರುಗಬೇಕು.

ಒಂದು ಮನೆಯ ಜಗಲಿಯಲ್ಲಿ ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಬೀಡಿ ಕಟ್ಟುತ್ತಿದ್ದರು. ತೊಡೆ ಮೇಲೆ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು. ಕೈ ನಿಲ್ಲಿಸದೆ ಉತ್ತರ ಹೇಳಿದರು. ನಾನು ಏಳುವಾಗ ಸೊಸೆ ಕೇಳಿದರು, "ಟೀಚರೇ, ಇವರ ಹೆಸರು ಬರೆದಿರಾ?"

ಗಂಡ ಮುಂಬೈಯ ಹೋಟೆಲಿನಲ್ಲಿ. ಗಣತಿಯ ಅಷ್ಟೂ ದಿನ ಮನೆಯಲ್ಲಿ ಇಲ್ಲದವರನ್ನು ಇಲ್ಲಿ ಬರೆಯುವಂತಿಲ್ಲ, ಅವರು ಇರುವಲ್ಲೇ ಲೆಕ್ಕ ಎಂದೆ.

"ರೇಷನ್ ಕಾರ್ಡಲ್ಲಿ ಉಂಟಲ್ಲ?" ಎಂದರು. ನನಗೆ ಹೇಳಲು ಏನೂ ತೋಚಲಿಲ್ಲ.

ಆಮೇಲೆ ಅಂಕಿಅಂಶ ಬಂತು. ಉಡುಪಿಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು, ರಾಜ್ಯಕ್ಕೇ ಮೊದಲು. "ನಿಮ್ಮ ಕಡೆ ಹೆಣ್ಣಿಗೆ ಬೆಲೆ ಜಾಸ್ತಿ, ಅಲ್ವಾ?" ಎಂದರು ಬೇರೆ ಜಿಲ್ಲೆಯ ಗೆಳತಿ. ನನಗೆ ಆ ಜಗಲಿ ನೆನಪಾಯಿತು. ಪಟ್ಟಿಯಲ್ಲಿ 0-6 ವಯಸ್ಸಿನ ಮಕ್ಕಳ ಸಾಲು ಹುಡುಕಿದೆ. ದುಡಿಯಲು ಊರು ಬಿಡುವ ವಯಸ್ಸಲ್ಲ ಅದು. ಅಲ್ಲಿ ಉಡುಪಿಯದು 958, ರಾಜ್ಯದ್ದು 948. ಹೆಣ್ಣೆಂದು ಯಾರೂ ಗರ್ಭ ತೆಗೆಸದಿದ್ದರೆ ಸಾವಿರ ಗಂಡುಮಕ್ಕಳಿಗೆ 950ರ ಆಸುಪಾಸು ಹೆಣ್ಣುಮಕ್ಕಳು ಹುಟ್ಟುತ್ತಾರೆ. ಅಂದರೆ ಮಕ್ಕಳ ಲೆಕ್ಕದಲ್ಲಿ ಉಡುಪಿ ಇರಬೇಕಾದ ಹಾಗೆ ಇದೆ, ಅಷ್ಟೇ. 1094 ಆಗಿದ್ದು ಮುಖ್ಯವಾಗಿ ಊರು ಬಿಟ್ಟ ಗಂಡಸರಿಂದ. ಹೆಂಗಸರ ಆಯಸ್ಸು ಹೆಚ್ಚು, ಅದೂ ಸ್ವಲ್ಪ ಸೇರುತ್ತದೆ. ದುಡಿಯುವವರು ಬಂದು ಸೇರುವ ಬೆಂಗಳೂರು ನಗರ ಜಿಲ್ಲೆಯಲ್ಲಿ ಅದೇ ವರ್ಷ 916.

ಹರಿಯಾಣದ ಕತೆಯೇ ಬೇರೆ. ಒಟ್ಟು 879, ಮಕ್ಕಳಲ್ಲಿ ಇನ್ನೂ ಕಡಿಮೆ, 834. ಹೊಲ ಮಗನಿಗೆ, ಮಗಳಿಗೆ ವರದಕ್ಷಿಣೆ, ಮಕ್ಕಳು ಎರಡೇ ಸಾಕು, ಅದರಲ್ಲಿ ಒಂದಾದರೂ ಗಂಡಾಗಲೇಬೇಕು. ಇದಕ್ಕೆ ಸ್ಕ್ಯಾನಿಂಗ್ ಸೇರಿತು. ಲಿಂಗ ಪತ್ತೆ ತಡೆಯುವ ಕಾನೂನು 1994ರಲ್ಲೇ ಬಂದಿದೆ. ಆದರೂ 834. ಆ ಸಾಲು ಓದುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಕರಾವಳಿಯಲ್ಲಿ ಅಳಿಯಕಟ್ಟು ಇತ್ತು, ಹಲವು ಜಾತಿಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಬೀಡಿಯ ದುಡ್ಡೂ ಹೆಂಗಸರ ಕೈಗೇ ಬರುತ್ತದೆ. ಇದರ ಗುಣವನ್ನು ನಾನು 958ರಲ್ಲಿ ಕಾಣುತ್ತೇನೆ, 1094ರಲ್ಲಿ ಅಲ್ಲ.

ಏಳನೇ ಕ್ಲಾಸಿನಲ್ಲಿ ಈ ಪಾಠ ಬಂದಾಗ ಎರಡೂ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಒಂದು ಸಲ ಒಬ್ಬಳು ಎದ್ದು ನಿಂತು, ಅಪ್ಪ ದುಬೈಯಲ್ಲಿದ್ದಾರೆ, ಅವರನ್ನು ಎಲ್ಲಿ ಬರೆದಿರುತ್ತಾರೆ ಎಂದು ಕೇಳಿದಳು. ನಮ್ಮ ಗಣತಿಯಲ್ಲಿ ಎಲ್ಲೂ ಬರೆದಿರುವುದಿಲ್ಲ ಮಗಳೇ ಎಂದೆ.