ಲೇತ್‌ನಲ್ಲಿ ಥ್ರೆಡ್ ಹಾಕುವುದು ಹೇಗೆ?

ಪಂಪಿನ ಶಾಫ್ಟ್ ತುದಿಯ ನಟ್ ಎಷ್ಟು ಬಿಗಿದರೂ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಅದುರುತ್ತದೆ ಎಂದರೆ ಎಲ್ಲರೂ ಮೊದಲು ಥ್ರೆಡ್ಡನ್ನೇ (ನಟ್ ಕೂರುವ ಸುರುಳಿ ಗೀರನ್ನೇ) ದೂರುತ್ತಾರೆ. ಥ್ರೆಡ್ ಒತ್ತಿ ಹಿಡಿಯುತ್ತದೆ, ಅಷ್ಟೇ. ಇಂಪೆಲ್ಲರನ್ನು ನೆಟ್ಟಗೆ ನಿಲ್ಲಿಸುವುದು ಅದು ಆನಿಕೊಳ್ಳುವ ಭುಜ, ಅಂದರೆ ಶಾಫ್ಟಿನ ಮೆಟ್ಟಿಲಿನಂಥ ಅಂಚು. ಆದ್ದರಿಂದ ಭುಜ, ಇಂಪೆಲ್ಲರ್ ಕೂರುವ ಜಾಗ, ಥ್ರೆಡ್ ಮೂರನ್ನೂ ಒಂದೇ ಹಿಡಿತದಲ್ಲಿ ಮುಗಿಸಿ. ಮೂರು ದವಡೆಯ ಚಕ್ಕಿನಿಂದ (ಶಾಫ್ಟನ್ನು ಹಿಡಿದು ತಿರುಗಿಸುವ ಭಾಗದಿಂದ) ಬಿಚ್ಚಿ ಮತ್ತೆ ಹಿಡಿದರೆ ಸೆಂಟರ್ ಕೂದಲೆಳೆಯಷ್ಟಾದರೂ ಸರಿಯುತ್ತದೆ. ಡಯಲ್ ಗೇಜ್ ಇಟ್ಟು ನೋಡಿದವರಿಗೆ ಇದು ಗೊತ್ತು.

20 ಮಿ.ಮೀ. ವ್ಯಾಸ, 1.5 ಮಿ.ಮೀ. ಪಿಚ್ಚಿನ (ಪಕ್ಕಪಕ್ಕದ ಗೀರುಗಳ ನಡುವಿನ ದೂರ) ಥ್ರೆಡ್ ಬೇಕು ಎಂದುಕೊಳ್ಳಿ. ತುದಿಯನ್ನು 19.9ಕ್ಕೆ ಟರ್ನ್ ಮಾಡಿ (ತಿರುಗಿಸುತ್ತ ಕೆತ್ತಿ ಇಳಿಸಿ), ಅಂಚಿಗೆ ಇಳಿಜಾರು ಕೊಡಿ. ಥ್ರೆಡ್ ಮುಗಿಯುವಲ್ಲಿ 17.7 ಮಿ.ಮೀ. ವ್ಯಾಸಕ್ಕೆ ಇಳಿಯುವ ಒಂದು ತೋಡು ಕೊರೆಯಿರಿ. ಟೂಲ್ ಹೊರಬರಲು ಜಾಗ ಬೇಡವೇ? ಟೈಲ್‌ಸ್ಟಾಕ್ ಸೆಂಟರಿನ (ಚಕ್ಕಿನ ಎದುರು ತುದಿಯನ್ನು ಹಿಡಿಯುವ ಮೊನೆಯ) ಆಸರೆ ಇರಲಿ.

ಟೂಲಿನ ಮೊನೆ 60 ಡಿಗ್ರಿ. ಅದು ಸೆಂಟರ್ ಎತ್ತರಕ್ಕೆ ಸರಿಯಾಗಿರಬೇಕು, ಶಾಫ್ಟಿಗೆ ಲಂಬವಾಗಿರಬೇಕು. ಸೆಂಟರ್ ಗೇಜಿನ (60 ಡಿಗ್ರಿ ಕಚ್ಚುಗಳಿರುವ ಚಿಕ್ಕ ತಗಡಿನ) ಕಚ್ಚಿನಲ್ಲಿ ಮೊನೆಯನ್ನಿಟ್ಟು, ಹಿಂದೆ ಬಿಳಿ ಕಾಗದ ಹಿಡಿದು ಸಂದಿಯಲ್ಲಿ ಬೆಳಕು ಬರುತ್ತಿದೆಯೇ ನೋಡಿ. ಇಲ್ಲಿ ಅವಸರ ಮಾಡಿದರೆ ಥ್ರೆಡ್ ಒಂದು ಕಡೆಗೆ ವಾಲುತ್ತದೆ, ಆಮೇಲೆ ಸರಿಪಡಿಸಲಾಗದು.

ಕಾಂಪೌಂಡ್ ಸ್ಲೈಡನ್ನು (ಟೂಲನ್ನು ಓರೆಯಾಗಿಯೂ ಸರಿಸಬಲ್ಲ ಭಾಗವನ್ನು) 29.5 ಡಿಗ್ರಿಗೆ ತಿರುಗಿಸಿದರೆ ಟೂಲಿನ ಒಂದೇ ಬದಿ ಹೆಚ್ಚು ಕತ್ತರಿಸುತ್ತದೆ, ನಡುಕ ಕಡಿಮೆ. ವೇಗ ನಿಮಿಷಕ್ಕೆ 60–80 ಸುತ್ತು ಸಾಕು. ಮೊದಲ ಸಲ ಬರೀ ಗೀರು ಹಾಕಿ, ಲೇತ್ ನಿಲ್ಲಿಸಿ, ಪಿಚ್ ಗೇಜ್ ಇಟ್ಟು ನೋಡಿ. ಗೇರ್ ತಪ್ಪಿದ್ದರೆ ಶಾಫ್ಟ್ ಹಾಳಾಗುವ ಮುಂಚೆ ಇಲ್ಲೇ ಗೊತ್ತಾಗುತ್ತದೆ.

ಒಟ್ಟು ಆಳ ಸುಮಾರು 0.92 ಮಿ.ಮೀ. ಓರೆಯಾಗಿ ಇಳಿಯುವುದರಿಂದ ಕಾಂಪೌಂಡ್ ಡಯಲ್‌ನಲ್ಲಿ 1.06 ಬರುತ್ತದೆ. ಮೊದಲ ಕಟ್ 0.2, ಮುಂದೆ ಕಡಿಮೆ ಮಾಡುತ್ತ ಕೊನೆಗೆ 0.02. ಪ್ರತಿ ಕಟ್ಟಿಗೂ ಕಟಿಂಗ್ ಆಯಿಲ್ ಹಾಕಿ. ಲೀಡ್‌ಸ್ಕ್ರೂ (ಟೂಲನ್ನು ಉದ್ದಕ್ಕೆ ಸಾಗಿಸುವ ಸ್ಕ್ರೂ) 6 ಮಿ.ಮೀ. ಪಿಚ್ಚಿನದಾದರೆ ಹಾಫ್ ನಟ್ (ಆ ಸ್ಕ್ರೂವನ್ನು ಕಚ್ಚಿ ಹಿಡಿಯುವ, ಬಿಡಿಸಬಹುದಾದ ನಟ್) ಎಲ್ಲಿ ಹಾಕಿದರೂ ಟೂಲ್ ಹಳೆಯ ಗೀರಿಗೇ ಬೀಳುತ್ತದೆ, ಏಕೆಂದರೆ 6ರಲ್ಲಿ 1.5 ಸರಿಯಾಗಿ ನಾಲ್ಕು ಸಲ ಹೋಗುತ್ತದೆ. ಇಂಚಿನ ಲೀಡ್‌ಸ್ಕ್ರೂ ಆದರೆ ಹಾಫ್ ನಟ್ ಬಿಡಲೇಬೇಡಿ. ಟೂಲ್ ಹಿಂದೆಳೆದುಕೊಂಡು, ಮೋಟರ್ ಹಿಂದಕ್ಕೆ ತಿರುಗಿಸಿ ವಾಪಸ್ ತನ್ನಿ.

ಕೈಗವಸು ತೊಟ್ಟು ಲೇತ್ ಮುಂದೆ ನಿಲ್ಲಬೇಡಿ, ತಿರುಗುವ ಥ್ರೆಡ್ಡನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ. ಕೊನೆಗೆ ಥ್ರೆಡ್ಡಿನ ಅಳತೆ ನೋಡುವ ಉಂಗುರಗಳು, ಅಂದರೆ ರಿಂಗ್ ಗೇಜ್: ‘ಗೋ’ ಸರಾಗವಾಗಿ ಭುಜದ ಕಡೆಗೆ ಸಾಗಬೇಕು, ‘ನೋ ಗೋ’ ಎರಡು ಸುತ್ತಿನೊಳಗೆ ನಿಲ್ಲಬೇಕು. ಅಲ್ಲಿಯವರೆಗೆ ಚಕ್ ಬಿಚ್ಚಬೇಡಿ.