ಕಾಣದ ಜಾಗವನ್ನೂ ವರದಿಯಲ್ಲಿ ಬರೆಯಲು ಕಲಿತದ್ದು

ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇರುವವರಿಗೆ, ಲಿವರ್ ಕ್ಯಾನ್ಸರ್ ಶುರುವಾಗಿದೆಯೇ ಎಂದು ನೋಡಲು, ಆರು ತಿಂಗಳಿಗೊಮ್ಮೆ ಲಿವರಿನ ಅಲ್ಟ್ರಾಸೌಂಡ್ ಮಾಡುವುದು ರೇಡಿಯಾಲಜಿಸ್ಟ್ ಆದ ನನಗೆ ನಿತ್ಯದ ಕೆಲಸ. ಮೊದಲೆಲ್ಲ ‘ಗಡ್ಡೆ ಕಾಣಲಿಲ್ಲ’ ಎಂದು ಬರೆದು ಸಹಿ ಹಾಕಿಬಿಡುತ್ತಿದ್ದೆ. ಆ ಮಾತು ಎಷ್ಟು ಪೊಳ್ಳಾಗಿರಬಹುದು ಎಂದು ತೋರಿಸಿಕೊಟ್ಟವರು ಸಕ್ಕರೆ ಕಾಯಿಲೆಯಿದ್ದ, ದಪ್ಪ ಮೈಯ ಒಬ್ಬ ಹಿರಿಯರು.

ಎರಡು ಸಲ ನೋಡಿದಾಗಲೂ ಏನೂ ಇರಲಿಲ್ಲ. ಮೂರನೆಯ ಸಲ ಬರುವಷ್ಟರಲ್ಲಿ ರಕ್ತದ ಎಎಫ್‌ಪಿ (ಲಿವರ್ ಕ್ಯಾನ್ಸರಿನಲ್ಲಿ ಏರಬಲ್ಲ ಒಂದು ಪ್ರೋಟೀನ್) ಅನುಮಾನ ಪಡುವ ಮಟ್ಟವಾದ 20 ದಾಟಿತ್ತು. ಎಡಮಗ್ಗುಲಿಗೆ ಮಲಗಿಸಿ, ಪಕ್ಕೆಲುಬಿನ ಅಂಚಿನ ಕೆಳಗೆ ಪ್ರೋಬ್ ಒತ್ತಿ, ‘ಉಸಿರು ಎಳೆದುಕೊಳ್ಳಿ ಯಜಮಾನರೇ, ಹಾಗೇ ಹಿಡಿದುಕೊಳ್ಳಿ’ ಎಂದೆ. ಉಸಿರು ತುಂಬಿಕೊಂಡರೆ ಲಿವರ್ ಕೆಳಗಿಳಿಯಬೇಕು. ಅವರದು ಬೆರಳಷ್ಟೂ ಇಳಿಯಲಿಲ್ಲ. ವಪೆಗೆ ಅಂಟಿದ ನೆತ್ತಿಯ ಭಾಗ ಶ್ವಾಸಕೋಶದ ಗಾಳಿಯ ಮರೆಯಲ್ಲೇ ಉಳಿಯಿತು. ಆಳದ ಭಾಗವನ್ನು ಕೊಬ್ಬು ನುಂಗಿತ್ತು. ಎಂಆರ್‌ಐ ಮಾಡಿಸಿದರೆ 1.6 ಸೆಂ.ಮೀ. ಗಡ್ಡೆ ಆ ನೆತ್ತಿಯಲ್ಲೇ ಕುಳಿತಿತ್ತು. ಹಿಂದಿನ ಎರಡು ಸಲವೂ ನಾನು ಆ ಜಾಗವನ್ನು ನೋಡಿಯೇ ಇರಲಿಲ್ಲವೇನೋ.

ಲಿವರಿಗೆ ಮುಕ್ಕಾಲು ಪಾಲು ರಕ್ತ ಪೋರ್ಟಲ್ ಅಭಿಧಮನಿಯಿಂದ ಬರುತ್ತದೆ. ಈ ಕ್ಯಾನ್ಸರ್ ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಉಂಡು ಬೆಳೆಯುತ್ತದೆ. ಹಾಗಾಗಿ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ರಕ್ತದ ಹರಿವು ಎದ್ದು ಕಾಣಲು ರಕ್ತನಾಳಕ್ಕೆ ಚುಚ್ಚುವ ದ್ರವ) ಕೊಟ್ಟ ಸುಮಾರು 35 ಸೆಕೆಂಡಿಗೆ ಗಡ್ಡೆ ಬೆಳಗುತ್ತದೆ, ಆಮೇಲೆ ಸುತ್ತಲಿನ ಲಿವರಿಗಿಂತ ಮಂಕಾಗುತ್ತದೆ. ಸಿರೋಸಿಸ್ ಇದ್ದವರಲ್ಲಿ 1 ಸೆಂ.ಮೀ. ಮೀರಿದ ಗಡ್ಡೆ ಹೀಗೆ ವರ್ತಿಸಿದರೆ ಸಾಮಾನ್ಯವಾಗಿ ಸೂಜಿ ಚುಚ್ಚಿ ಬಯಾಪ್ಸಿ ಮಾಡಬೇಕಾಗಿಲ್ಲ.

ಹಾಗಾದರೆ ಎಲ್ಲರಿಗೂ ಎಂಆರ್‌ಐ ಏಕಿಲ್ಲ? 2017ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನದಲ್ಲಿ ಕ್ಯಾನ್ಸರ್ ಇದ್ದ 43 ಜನರಲ್ಲಿ ಎಂಆರ್‌ಐ 37 ಜನರದನ್ನು ಹಿಡಿಯಿತು, ಅಲ್ಟ್ರಾಸೌಂಡ್ 12 ಜನರದನ್ನು ಮಾತ್ರ. ಅಂಕಿ ನೋಡಿ ಮನಸ್ಸು ಅತ್ತ ವಾಲುತ್ತದೆ. ಆದರೆ ಹೊಟ್ಟೆಯಲ್ಲಿ ನೀರು ತುಂಬಿದವರು ಆ ಕೊಳವೆಯೊಳಗೆ ಮತ್ತೆ ಮತ್ತೆ ಉಸಿರು ಬಿಗಿಹಿಡಿಯಲಾರರು, ಚಿತ್ರ ಕಲಸಿಹೋಗುತ್ತದೆ. ಖರ್ಚು ಬೇರೆ. ಸಿ.ಟಿ.ಯಾದರೆ ಬೇಗ ಮುಗಿಯುತ್ತದೆ, ಆದರೆ ವರ್ಷಕ್ಕೆರಡು ಸಲ ಅಷ್ಟು ವಿಕಿರಣ ಕೊಡಲು ನನಗೆ ಮನಸ್ಸಿಲ್ಲ. ಅದನ್ನು ಅನುಮಾನ ಬಂದಾಗಷ್ಟೇ ಬಳಸುತ್ತೇನೆ.

ಈಗಲೂ ಅಲ್ಟ್ರಾಸೌಂಡಿನಿಂದಲೇ ಶುರು, ಜೊತೆಗೆ ಎಎಫ್‌ಪಿ. 1 ಸೆಂ.ಮೀ.ಗಿಂತ ಚಿಕ್ಕದು ಕಂಡರೆ ಮೂರು ತಿಂಗಳಿಗೆ ಮತ್ತೆ ಅಲ್ಟ್ರಾಸೌಂಡ್, ದೊಡ್ಡದಾದರೆ ಕಾಂಟ್ರಾಸ್ಟ್ ಸಿ.ಟಿ. ಅಥವಾ ಎಂಆರ್‌ಐ. ಬದಲಾದದ್ದು ವರದಿಯ ಮೊದಲ ಸಾಲು: ಲಿವರ್ ಎಷ್ಟು ಕಂಡಿತು ಎಂಬುದಕ್ಕೆ ಎ (ಚೆನ್ನಾಗಿ ಕಂಡಿತು), ಬಿ (ಸಾಧಾರಣ) ಅಥವಾ ಸಿ (ಬಹಳಷ್ಟು ಮರೆಯಾಗಿತ್ತು). ‘ಸಿ’ ಬಂದರೆ ಕಳುಹಿಸಿದ ವೈದ್ಯರಿಗೆ ನಾನೇ ಫೋನ್ ಮಾಡಿ ಎಂಆರ್‌ಐ ಕೇಳುತ್ತೇನೆ. ಕಳೆದ ವಾರದ ಹನ್ನೊಂದು ವರದಿಗಳಲ್ಲಿ ಎರಡು ‘ಸಿ’.