14.1 ವೋಲ್ಟ್ ತೋರಿಸಿಯೂ ಕೆಟ್ಟಿದ್ದ ಆಲ್ಟರ್ನೇಟರ್

ದಿನಾ ಓಡಿಸಿದರೆ ಕಾರಿಗೆ ಏನೂ ತೊಂದರೆ ಇರಲಿಲ್ಲ. ಎರಡು ದಿನ ನಿಲ್ಲಿಸಿದರೆ ಮಾತ್ರ ಸ್ಟಾರ್ಟರ್ 'ಟಕ್' ಅಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಮೂರನೇ ವಾರಕ್ಕೆ ಅದೂ ಮಲಗಿತು. ಇನ್ನೂ ದೊಡ್ಡದು ಹಾಕಿ ಅಂದರು, ಅದನ್ನೂ ಹಾಕಿಸಿದೆ. ದಂಡ.

ನನಗೆ ಅನುಮಾನ ಇದ್ದಿದ್ದು ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ. ಆದರೆ ಮೀಟರ್ ಹಿಡಿದವರೆಲ್ಲ ಐಡ್ಲಿಂಗ್‌ನಲ್ಲಿ 14.1 ವೋಲ್ಟ್ ನೋಡಿ, "ಚಾರ್ಜಿಂಗ್ ಪಕ್ಕಾ ಇದೆ, ವೈರಿಂಗ್ ನೋಡಿಸಿ" ಅನ್ನುತ್ತಿದ್ದರು. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ ಒಬ್ಬರೂ ನೋಡಲಿಲ್ಲ. ನಾನು ನೋಡಿದೆ, 13ಕ್ಕೆ ಇಳಿಯಿತು.

ಕಾರು ನಿಂತಿರುವಾಗ ಬ್ಯಾಟರಿಯಿಂದ ಕರೆಂಟ್ ಎಷ್ಟು ಲೀಕ್ ಆಗುತ್ತಿದೆ ಅಂತ ನೋಡಲು ಆಂಪ್ ಮೀಟರ್ ಜೋಡಿಸಿದೆ. ಜೋಡಿಸಿದ್ದು ಮರೆತು ಕೀ ತಿರುಗಿಸಿಬಿಟ್ಟೆ, ಮೀಟರ್ ಫ್ಯೂಸ್ ಢಮಾರ್. ಆಮೇಲೆ ಹೊಳೆದದ್ದೇ ಬಲ್ಬ್. 21 ವಾಟ್‌ನ ಇಂಡಿಕೇಟರ್ ಬಲ್ಬನ್ನು ಬ್ಯಾಟರಿ ನೆಗೆಟಿವ್‌ಗೂ ಅದರ ಕೇಬಲ್‌ಗೂ ನಡುವೆ ಸಿಕ್ಕಿಸಿದೆ. ಮಂದವಾಗಿ, ಕೆಂಪಗೆ ಉರಿಯಿತು, ಅಂದರೆ ಎಲ್ಲೋ ಕರೆಂಟ್ ಲೀಕ್ ಆಗುತ್ತಿದೆ. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತೆ, ಬಲ್ಬ್ ಜಗ್ಗಲಿಲ್ಲ, ಉರಿಯುತ್ತಲೇ ಇತ್ತು. ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ ಸುತ್ತಿಟ್ಟು ಮತ್ತೆ ಬಲ್ಬ್ ಸಿಕ್ಕಿಸಿದೆ. ಉರಿಯಲೇ ಇಲ್ಲ! ಆಗ ಬಂದ ಖುಷಿ ಹೇಳತೀರದು.

ಇನ್ನೊಂದು ತಮಾಷೆ. ರಾತ್ರಿಯಿಡೀ ನಿಂತ ಕಾರಿನ ಬಾನೆಟ್ ಎತ್ತಿ ಕೈಯಿಟ್ಟರೆ ಇಂಜಿನ್ ತಣ್ಣಗೆ, ಆಲ್ಟರ್ನೇಟರ್ ಮಾತ್ರ ಉಗುರುಬೆಚ್ಚಗೆ. ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಡಯೋಡ್ ಲೀಕ್ ಆಗಿ ಮುಕ್ಕಾಲು ಆಂಪ್‌ನಷ್ಟು ತಿನ್ನುತ್ತಿತ್ತು. ಕೆಟ್ಟ ಡಯೋಡ್ ದಾಟಿ ಎಸಿ ಕರೆಂಟ್ ನುಸುಳುತ್ತಿದೆಯಾ ಅಂತ ನೋಡಲು ಇಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿದೆ, 0.8ರ ಹತ್ತಿರ ಬಂತು. ಅರ್ಧ ವೋಲ್ಟ್ ದಾಟಿದರೇ ಡಯೋಡ್ ಮೇಲೆ ಅನುಮಾನ ಪಡಬೇಕು, ಅಲ್ವಾ?

ಹೊಸದರ ರೇಟ್ ಕೇಳಿ ತಲೆ ತಿರುಗಿತು. ಅದರ ಮೂರನೇ ಒಂದು ಭಾಗಕ್ಕೆ ಸೆಕೆಂಡ್ ಹ್ಯಾಂಡ್ ತಂದೆ. ಕೂಡಿಸುವಾಗ ಬೋಲ್ಟ್ ಎಲ್ಲ ಸರಿ, ಆದರೆ ಪುಲ್ಲಿ ಎರಡು ಮೂರು ಮಿಲಿಮೀಟರ್ ಹೊರಗೆ. ಬೆಲ್ಟ್ ಕಿರುಚಿ ಕಿರುಚಿ ಅಂಚು ಕಿತ್ತುಬಂತು. ವಾಪಸ್ ಕೊಟ್ಟಾಗ ಅರ್ಧ ದುಡ್ಡು ಸಿಕ್ಕಿತು, ಬೆಲ್ಟಿನ ಖರ್ಚು ನನ್ನ ತಲೆಗೇ.

ಕೊನೆಗೆ ಹಳೇದಕ್ಕೇ ಹೊಸ ರೆಕ್ಟಿಫೈಯರ್ ಪ್ಲೇಟ್ (ಡಯೋಡ್‌ಗಳು ಕೂತಿರುವ ತಟ್ಟೆ) ಮತ್ತು ಬ್ರಷ್ ಹಾಕಲು ಕೂತೆ. ಹೊಸದರ ಹತ್ತನೇ ಒಂದು ಭಾಗವೂ ಖರ್ಚಿಲ್ಲ. "ತಿಂಗಳು ಬಾಳಲ್ಲ" ಅಂತ ಎಲ್ಲರೂ ನಕ್ಕರು. ಮೊದಲ ಸಲ ನಕ್ಕವರೇ ಗೆದ್ದರು. ಸಣ್ಣ ಐರನ್‌ನಲ್ಲಿ ಸೋಲ್ಡರ್ ಮಾಡಿದ್ದೆ, ವಾರದೊಳಗೆ ಒಂದು ಫೇಸ್, ಅಂದರೆ ಆಲ್ಟರ್ನೇಟರ್‌ನ ಮೂರು ಸುರುಳಿಗಳಲ್ಲಿ ಒಂದರ ತಂತಿ, ಬಿಟ್ಟುಕೊಂಡಿತು. ರೇಡಿಯೋದಲ್ಲಿ ಕುಂಯ್ ಅನ್ನೋ ಸದ್ದು, ಡ್ಯಾಶ್‌ನಲ್ಲಿ ಬ್ಯಾಟರಿ ದೀಪ ಮಿಣಮಿಣ. ಮತ್ತೆ ಬಿಚ್ಚಿ, 100 ವಾಟ್ ಐರನ್ ತಂದು, ಸ್ಟೇಟರ್ (ಆ ಸುರುಳಿಗಳಿರುವ ಭಾಗ) ತಂತಿಯನ್ನು ಹೊಳೆಯುವ ಹಾಗೆ ಕೆರೆದು ಹಾಕಿದೆ. ತಂತಿಯ ವಾರ್ನಿಷ್ ಸುಡದ ಹಾಗೆ ಹೇಗೆ ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಈಗ ಹೆಡ್‌ಲೈಟ್, ಬ್ಲೋವರ್ ಎಲ್ಲ ಲೋಡ್ ಹಾಕಿದರೂ 13.9 ವೋಲ್ಟ್. ಎಸಿ ವೋಲ್ಟ್ 0.05ಕ್ಕಿಂತ ಕಡಿಮೆ. ಒಂಬತ್ತು ದಿನ ನಿಲ್ಲಿಸಿಟ್ಟೆ, ಅರ್ಧ ಕೀಗೇ ಎದ್ದಿತು. ತಿಂಗಳಲ್ಲ, ಒಂದು ವರ್ಷದ ಮೇಲಾಯಿತು.

ಹಿಂದಿನ ಬೇರಿಂಗ್ ಮಾತ್ರ ಈಚೆಗೆ ಗೊರಗೊರ ಅನ್ನುತ್ತಿದೆ. ಬಿಚ್ಚಿದ್ದಾಗಲೇ ಹಾಕಬಹುದಿತ್ತು. ಚಿಲ್ಲರೆ ದುಡ್ಡು ಉಳಿಸಲು ಹೋಗಿ ಈಗ ಮತ್ತೆ ಬೆಲ್ಟ್ ಇಳಿಸಬೇಕು.